ಪಾಲಿಗೆ ಬಂದ ಬ್ಯಾಟರಿ

ನಮ್ಮ ಮನೆ ಪಾಲಾದ ದಿನ ಪಂಚಾಯ್ತಿ ಮಾಡಲು ಬಂದಿದ್ದ ರಾಮಣ್ಣನವರು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಕೊನೆಯದಾಗಿ ಜನರನ್ನು ಸೂರಿಗೆತ್ತುವ ಸಿಸರ್ ಲಿಫ್ಟಿನ ನಾಲ್ಕು ಬ್ಯಾಟರಿಗಳನ್ನು ಅಣ್ಣನಿಗೆ ಎರಡು, ತಮ್ಮನಿಗೆ ಎರಡು ಎಂದು ಹಂಚಿದರು. ಹಜಾರದಲ್ಲಿ ಕೂತಿದ್ದವರೆಲ್ಲ ತಲೆದೂಗಿದರು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಇಂಥ ನ್ಯಾಯ ಇನ್ನೊಂದು ಆಗಿಲ್ಲ ಎಂದರು. ಆ ಮಾತನ್ನು ನಾನೂ ಒಪ್ಪುತ್ತೇನೆ. ಆಗಿಲ್ಲ.

ಅಣ್ಣ ಅಂದರೆ ನನ್ನ ಮಾವ ನಂಜಪ್ಪ. ತಮ್ಮ ಅಂದರೆ ಚಿಕ್ಕಮಾವ ಸಿದ್ದೇಶ್ವರ. ನಾನು ರೂಪಶ್ರೀ, ನಂಜಪ್ಪನವರ ಸೊಸೆ, ತವರು ಅರಕಲಗೂಡು. ಹಳೇಕೋಟೆ ರಸ್ತೆಯಲ್ಲಿರುವ ನಮ್ಮ ಚಿಕ್ಕಲಕ್ಷ್ಮಮ್ಮ ಕಲ್ಯಾಣ ಮಂಟಪದಲ್ಲಿ ಹೂವಿನ ಅಲಂಕಾರ, ಲೈಟು, ಬಟ್ಟೆ ಜಾಲರಿ ಎಲ್ಲ ನನ್ನ ಕೆಲಸ. ಚಿಕ್ಕಲಕ್ಷ್ಮಮ್ಮ ಎಂದರೆ ಮಾವನವರ ತಾಯಿ, ನಾವು ಅಜ್ಜಿ ಅನ್ನುತ್ತೇವೆ. ಮಂಟಪದ ಜಾಗ ಅವರ ತವರಿನಿಂದ ಬಂದದ್ದು, ಹಾಗಾಗಿ ಹೆಸರೂ ಅವರದೇ. ನನ್ನ ಗಂಡ ಅಭಿಷೇಕ್ ಬೆಳಿಗ್ಗೆ ಹಾಸನದ ಬ್ಯಾಂಕಿಗೆ ಹೋದರೆ ಸಂಜೆ ಬರುತ್ತಾರೆ. ಈ ಕಥೆಯಲ್ಲಿ ಅವರು ಮಾಡಿದ್ದು ಅಷ್ಟೇ.

ಮಂಟಪ ಕಟ್ಟುವಾಗ ಅಣ್ಣತಮ್ಮ ಇಬ್ಬರದೂ ಒಂದೇ ಮನಸ್ಸು. ಚನ್ನರಾಯಪಟ್ಟಣದಲ್ಲಿ ಯಾರೋ ಕಟ್ಟಿಸಿದ ಮಂಟಪದ ಸೂರು ಬಹಳ ಎತ್ತರವಂತೆ ಎಂದು ಯಾರೋ ಹೇಳಿದ್ದರು, ನಮ್ಮದು ಅದಕ್ಕಿಂತ ಒಂದು ಗೇಣಾದರೂ ಮೇಲಿರಬೇಕು ಎಂದು ಕಟ್ಟಿಸಿದರು. ಅಷ್ಟೆತ್ತರದಲ್ಲಿ ಹೂವು ಕಟ್ಟುವವರು ಯಾರು ಎಂದು ಮಾತ್ರ ಯಾರೂ ಯೋಚಿಸಲಿಲ್ಲ. ಹೂವಿನ ಚಲುವಯ್ಯ ಏಣಿ ಹತ್ತಿ ಕಟ್ಟುತ್ತಿದ್ದ. ಒಂದು ದಿನ ಏಣಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಈಗಲೂ ಕೂತು ಮಾಲೆ ಕಟ್ಟುತ್ತಾನೆ, ಎದ್ದು ನಿಲ್ಲಲು ಇನ್ನೊಬ್ಬರ ಕೈ ಬೇಕು. ಆವತ್ತು ಅವನ ಹೆಂಡತಿ ನನ್ನ ಮುಖ ನೋಡಿದ್ದನ್ನು ನಾನು ಮರೆತಿಲ್ಲ. ಈ ಮಂಟಪದಲ್ಲಿ ಇನ್ನು ಯಾರನ್ನಾದರೂ ಏಣಿ ಹತ್ತಿಸಿದರೆ ನಾನು ಈ ಕೆಲಸವನ್ನೇ ಬಿಡುತ್ತೇನೆ ಎಂದು ಮಾವನ ಎದುರಿಗೇ ಹೇಳಿದೆ. ಹಾಸನದಲ್ಲಿ ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯಿಂದ ಹಳೆಯ ಲಿಫ್ಟು ಬಂದದ್ದು ಹೀಗೆ.

ಅದು ಗಾಲಿಯ ಮೇಲೆ ನಿಂತ ಕಬ್ಬಿಣದ ತೊಟ್ಟಿಲು. ಗುಂಡಿ ಒತ್ತಿದರೆ ಕೆಳಗಿನ ಅಡ್ಡಪಟ್ಟಿಗಳು ಕತ್ತರಿಯಂತೆ ಬಿಚ್ಚಿಕೊಂಡು ನಿಂತವರನ್ನು ಸೂರಿನವರೆಗೆ ಎತ್ತುತ್ತವೆ. ಹೊಟ್ಟೆಯೊಳಗೆ ನಾಲ್ಕು ಬ್ಯಾಟರಿ. ಒಂದೊಂದೂ ಅರ್ಧ ಮೂಟೆ ರಾಗಿಗಿಂತ ಹೆಚ್ಚು ತೂಕ. ಅಜ್ಜಿ ಅದಕ್ಕೆ ಏಣಿಬಂಡಿ ಎಂದು ಹೆಸರಿಟ್ಟರು.

ನಮ್ಮ ಕಡೆ ಪಾಲಿನ ಪದ್ಧತಿ ಎಂದರೆ ಅಣ್ಣ ಪಾಲು ಹಾಕಬೇಕು, ತಮ್ಮ ಆರಿಸಿಕೊಳ್ಳಬೇಕು. ಹೊಲ ಗದ್ದೆ ಹಾಗೇ ಆಯಿತು. ಮಂಟಪ ಅಜ್ಜಿಯ ಹೆಸರಿನಲ್ಲಿದ್ದದ್ದರಿಂದ ಅದರ ಬಾಡಿಗೆ ಒಂದು ತಿಂಗಳು ಅಣ್ಣನದು, ಒಂದು ತಿಂಗಳು ತಮ್ಮನದು ಎಂದಾಯಿತು. ಅಡುಗೆಯ ಕೊಪ್ಪರಿಗೆಗಳು ಬೆಸ ಸಂಖ್ಯೆಯಲ್ಲಿದ್ದವು. ಉಳಿದ ಒಂದು ಕೊಪ್ಪರಿಗೆಗಾಗಿ ಇಬ್ಬರೂ ಮಾತು ಬಿಟ್ಟರು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅನ್ನುತ್ತಾರೆ. ಇವರು ಅರವತ್ತರ ಹತ್ತಿರ ಬರುವವರೆಗೆ ಕಾದಿದ್ದರು, ಅಷ್ಟು ಮೆಚ್ಚಬೇಕು. ಆ ಗಲಾಟೆಯ ಬಿಸಿಯಲ್ಲೇ ಲಿಫ್ಟಿನ ಸರದಿ ಬಂತು.

"ಯಂತ್ರ ಕುಯ್ಯಕ್ಕಾಗಲ್ಲ, ಅದು ನಿಮ್ಮವ್ವನ ಎಸರಲ್ಲೇ ಇರ್ಲಿ," ಎಂದರು ರಾಮಣ್ಣ. "ಬ್ಯಾಟ್ರಿ ನಾಕವೆ. ಎರಡೆರಡು ತಕಳಿ. ಮುಗೀತು."

ನಾನು ಬಾಗಿಲ ಹಿಂದಿನಿಂದ, "ದೊಡ್ಡಪ್ಪ, ನಾಲ್ಕೂ ಒಟ್ಟಿಗಿದ್ರೇನೇ ಅದು ಮೇಲೇಳೋದು," ಎಂದೆ.

"ಅದ್ಕೇ ಕಣವ್ವ ಅಂಗ್ ಮಾಡಿರೋದು! ಅಣ್ತಮ್ಮ ಒಂದಾಗ್ದಿದ್ರೆ ಬಂಡಿನೇ ಏಳ್ಬಾರ್ದು. ಎಂಗೆ?"

ಭಲೇ ಎಂದರು ಎಲ್ಲರೂ. ನಾನು ಒಳಗೆ ಹೋಗಿ ಊಟದ ಎಲೆ ಎತ್ತಿದೆ.

ಅಂದಿನಿಂದ ಪ್ರತಿ ಮದುವೆಗೂ ಎರಡು ಮನೆಯಿಂದ ಎರಡೆರಡು ಬ್ಯಾಟರಿ ಮಂಟಪಕ್ಕೆ ಬರತೊಡಗಿದವು. ನಮ್ಮವು ಕೈಗಾಡಿಯಲ್ಲಿ, ರಸ್ತೆಯಾಚೆಯ ಚಿಕ್ಕಮಾವನವು ಆಟೋದಲ್ಲಿ, ದೃಷ್ಟಿಯಾಗದಿರಲೆಂದು ಮೇಲೊಂದು ಟವೆಲ್ಲು ಹೊದ್ದು. ಕೆಲಸ ಮುಗಿದ ಮೇಲೆ ತಂತಿ ಬಿಚ್ಚಿಸಿಕೊಂಡು ಅವರವರ ಮನೆಗೆ ಅವು ವಾಪಸ್ಸು. ಹಾಲು ಕುಡಿಯುವ ಕರುವನ್ನು ಬಿಡಿಸುವ ಹಾಗೆ ನಾನೇ ಬಿಚ್ಚುತ್ತಿದ್ದೆ. ಇಬ್ಬರ ನಡುವೆ ಮಾತು ಸಾಗಿಸುವುದೂ ನನ್ನ ಕೆಲಸವೇ ಆಗಿತ್ತು. "ನಿಮ್ಮಾವಂಗೆ ಏಳು" ಎಂದು ಅವರು, "ನಿಮ್ ಚಿಕ್ಮಾವಂಗೆ ಏಳು" ಎಂದು ಇವರು.

ಮಾವನದು ಭಕ್ತಿಮಾರ್ಗ. ತಮ್ಮ ಪಾಲಿನ ಬ್ಯಾಟರಿಗಳನ್ನು ಹಜಾರದಲ್ಲಿ ಮಣೆ ಹಾಕಿ ಕೂರಿಸಿದರು. ಶುಕ್ರವಾರ ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗುವುದು. ಚಾರ್ಜಾಗುವಾಗ ಅದರಿಂದ ಏಳುವ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆ ಎಂದು ನಾನು ಹೇಳಿದ ಮೇಲೆ ಊದುಬತ್ತಿಯನ್ನು ಬಾಗಿಲ ಹೊರಗೆ ನಿಂತು ಬೆಳಗತೊಡಗಿದರು. ಚಾರ್ಜರಿನ ಸ್ವಿಚ್ಚು ಆರಿಸಿದ್ದನ್ನು ನಾನು ನೋಡಿಲ್ಲ, ದೇವರ ಮನೆಯ ದೀಪದ ಹಾಗೆ ಅದು ಉರಿಯುತ್ತಲೇ ಇರಬೇಕು. ಮುಚ್ಚಳ ತೆಗೆದು ನೋಡಿ ನೀರು ಕಡಿಮೆ ಅನ್ನಿಸಿದರೆ ಕಂಠಮಟ್ಟ ತುಂಬಿಸುವುದು. ದನಗಳಿಗೆ ನೀರು ಕುಡಿಸಿ ಪಳಗಿದ ಕೈ. ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬೋರ್‌ವೆಲ್ ನೀರು ಹಾಕಬಾರದು ಎಂದರೆ, "ಈ ನೀರ್ ಕುಡ್ದು ಇಡೀ ಊರು ಬದ್ಕದೆ, ಇವೇನ್ ದೊಡ್ ಮನುಸ್ರಾ?" ಎಂದರು. ತುಂಬಿದ್ದು ಒಳಗಿನ ಆ್ಯಸಿಡ್ಡಿನ ಜೊತೆ ಉಕ್ಕಿ ನೆಲದ ಮೇಲೆ ಬಿಳಿ ಮಚ್ಚೆ ಮಾಡಿತು, ಮಾವನ ಪಂಚೆಯ ಅಂಚಿಗೆ ತೂತು ಬಿದ್ದವು. ಇಲಿ ಕಡಿದಿದೆ ಎಂದು ಅಜ್ಜಿ ಬೋನು ಇಟ್ಟರು.

ಚಿಕ್ಕಮಾವನದು ಜಿಪುಣರ ಮಾರ್ಗ. ಬಳಸಿದರೆ ಸವೆಯುತ್ತದೆ, ಬಳಸದಿದ್ದರೆ ಉಳಿಯುತ್ತದೆ ಎಂಬುದು ಅವರ ನಂಬಿಕೆ. ಮದುವೆ ಮುಗಿಸಿ ಖಾಲಿಯಾಗಿ ಬಂದ ಬ್ಯಾಟರಿಗಳನ್ನು ಹಾಗೇ ರಾಗಿ ಮೂಟೆಗಳ ಪಕ್ಕ ಇಟ್ಟರೆ ಮುಂದಿನ ಮದುವೆಯ ಹಿಂದಿನ ದಿನವೇ ಅವುಗಳ ನೆನಪು. ಆಷಾಢದಲ್ಲಂತೂ ಮದುವೆಯೂ ಇಲ್ಲ, ಚಾರ್ಜೂ ಇಲ್ಲ, ತಿಂಗಳು ಪೂರ್ತಿ ಉಪವಾಸ. ಇಷ್ಟೇ ಆಗಿದ್ದರೆ ಜಿಪುಣತನ ಎಂದು ಸುಮ್ಮನಾಗಬಹುದಿತ್ತು. ಅವರ ಮಗಳು ಧನ್ಯಾ ಒಮ್ಮೆ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಳು.

"ಅತ್ತಿಗೆ, ನಮ್ಮನೇಲಿ ಈಗ ಕರೆಂಟ್ ಹೋದ್ರೂ ಟೀವಿ ನಿಲ್ಲಲ್ಲ ಗೊತ್ತಾ? ಅಪ್ಪ ಆ ಎರಡು ಬ್ಯಾಟ್ರೀನ ಇನ್ವರ್ಟರ್‌ಗೆ ಕೊಟ್ಟವ್ರೆ. ಕರೆಂಟ್ ಬಂದ್ ತಕ್ಷಣ ಬಿಚ್ಚಿಡ್ತಾರೆ, ಇಲ್ದಿದ್ರೆ ಬಿಲ್ ಬರುತ್ತಂತೆ."

ಒಂದು ಕಡೆ ಉಣ್ಣಿಸಿ ಉಣ್ಣಿಸಿ ಕೊಲ್ಲುವುದು, ಇನ್ನೊಂದು ಕಡೆ ಉಪವಾಸ ಕೆಡವಿ ದುಡಿಸುವುದು. ಅಣ್ಣತಮ್ಮಂದಿರ ಜಗಳದಲ್ಲಿ ಕೂಸು ಬಡವಾಗುತ್ತಿತ್ತು. ಲಿಫ್ಟು ಒಂದೆರಡು ಮದುವೆಗಳಲ್ಲಿ ಏದುಸಿರು ಬಿಟ್ಟಿತು. ನಾನು ಮೊಸಳೆ ಎಂಬ ಊರಿನ ಮಂಜುನಾಥನನ್ನು ಕರೆಸಿದೆ. ಹಾಸನದ ಫ್ಯಾಕ್ಟರಿಗಳಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡುವವನು. ಇಬ್ಬರು ಮಾವಂದಿರೂ ಬಂದು ಮಂಟಪದ ಎರಡು ತುದಿಗೆ ಎರಡು ಕುರ್ಚಿ ಹಾಕಿಕೊಂಡು ಕೂತರು. ಮಂಜುನಾಥ ಇಬ್ಬರಿಗೂ ಕೇಳಲೆಂದು ಮಧ್ಯೆ ನಿಂತು ಮಾತಾಡಿದ.

"ನಾಕೂ ಒಂದೇ ಸಾಲಲ್ಲಿ ನಿಂತಿರ್ತವೆ ಸಾ. ಒಂದು ಸೋತ್ರೆ ಉಳ್ದ ಮೂರನ್ನೂ ಎಳ್ಕೊಂಡು ಕೆಳೀಕ್ ಓಯ್ತದೆ. ಒಟ್ಟಿಗೆ ಕೆಲ್ಸ, ಒಟ್ಟಿಗೆ ಚಾರ್ಜು. ಕೆಲ್ಸ ಮುಗ್ದ ದಿನ್ವೇ ಚಾರ್ಜಿಗೆ ಆಕ್ಬೇಕು, ಖಾಲಿ ಮಡುಗಿದ್ರೆ ಒಳ್ಗೇ ಉಪ್ಪು ಕಟ್ತದೆ. ಫುಲ್ ಆದ್ಮೇಲೆ ಸ್ವಿಚ್ ಆರ್ಸಿ, ಆಮೇಲೆ ಅಳತೇಲಿ ನೀರು. ಜಾಸ್ತಿ ಕುದುಸುದ್ರೂ ಸಾಯ್ತವೆ, ಉಪಾಸ ಕೆಡವುದ್ರೂ ಸಾಯ್ತವೆ."

ಉಪ್ಪಿನ ಮಾತು ಬಂದಾಗ ಮಾವ ತಮ್ಮನ ಕಡೆ ನೋಡಿ ನಕ್ಕರು. ಕುದಿಸುವ ಮಾತು ಬಂದಾಗ ಚಿಕ್ಕಮಾವ ಅಣ್ಣನ ಕಡೆ ನೋಡಿ ನಕ್ಕರು. ಇಬ್ಬರಿಗೂ ಪೂರ್ತಿ ಸಮಾಧಾನವಾಯಿತು.

"ನಮ್ ಟ್ರಾಕ್ಟರ್ ಬ್ಯಾಟ್ರಿ ಆಕುದ್ರೆ ಏನಾಯ್ತದೆ? ಟ್ರಾಕ್ಟರ್ರೇ ಎಳೀತದೆ, ಒಂದು ಊವಿನ ಆರ ಎತ್ತಲ್ವಾ?" ಎಂದು ಚಿಕ್ಕಮಾವ ಕೇಳಿದರು.

"ಅದು ಇಂಜಿನ್ನ ಒಂದ್ ಕೂಗಾಕಿ ಎಬ್ಬುಸ್ತದೆ ಅಷ್ಟೇ ಸಾ, ಆಮೇಲೆ ಉಳೋದೆಲ್ಲ ಡೀಸೆಲ್ಲು. ಇಲ್ಲಿ ಕೊನೇಗಂಟ ಬ್ಯಾಟ್ರೀನೇ ಉಳ್ಬೇಕು."

"ಮೊಬೈಲ್ ಬ್ಯಾಟ್ರಿ ತರದವು ಬಂದವಂತಲ್ಲ, ಅಗುರ?"

"ಬಂದವೆ. ಆದ್ರೆ ಈ ಗಾಡಿ ಮೇಲೆ ಓದಾಗ ಬೀಳ್ದಂಗೆ ಇಡ್ಕಂಡಿರೋದೂ ಇದೇ ಬ್ಯಾಟ್ರಿ ತೂಕ್ವೇ ಸಾ. ಅಗುರದ್ದು ಆಕುದ್ರೆ ಅದಕ್ಕೆ ಸಮ್ವಾಗಿ ತೂಕ ಕಟ್ಬೇಕು, ಚಾರ್ಜರ್ರೂ ಬದ್ಲಾಯ್ಸಬೇಕು."

ಬದಲಾಯಿಸುವುದು ಎಂದ ಕೂಡಲೇ ಚಿಕ್ಕಮಾವನಿಗೆ ಗದ್ದೆಯ ನೀರಿನ ನೆನಪಾಯಿತು, ಮಾವನಿಗೆ ಊಟದ ನೆನಪಾಯಿತು. ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೋದರು. ಉಳಿದವಳು ನಾನೊಬ್ಬಳೇ. ಮಂಜುನಾಥ ನನಗೆ ಗಾಡಿಯ ಬುಡದಲ್ಲಿ ಎರಡು ಕೆಂಪು ತೋರಿಸಿದ. ಒಂದು ಗುಂಡಿ. ಒತ್ತಿದರೆ ಎಲ್ಲಿದ್ದರೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಹಿಂಬದಿಯಲ್ಲಿರುವ ಹಿಡಿ. ಬ್ಯಾಟರಿಯಲ್ಲಿ ಉಸಿರೇ ಇಲ್ಲದಿದ್ದರೂ ಅದನ್ನು ಎಳೆದರೆ ಗಾಡಿ ಮೆಲ್ಲಗೆ ಇಳಿಯುತ್ತದೆ.

ಧನ್ಯಾಳ ಮದುವೆ ಗೊತ್ತಾಯಿತು. ಮದುವೆ ನಮ್ಮ ಮಂಟಪದಲ್ಲೇ, ಅಲಂಕಾರ ನನ್ನದೇ. ಒಂದು ಬೆಳಿಗ್ಗೆ ಚಿಕ್ಕಮಾವ ಗೇಟಿನ ಹತ್ತಿರ ನಿಂತು, "ಮದ್ವೇಲಿ ಈ ಬಂಡಿ ಕೈ ಕೊಡ್ತೋ, ಇನ್ಮೇಲೆ ಡೆಕೋರೇಸನ್ನು ಹಾಸನದೋರ್ಗೆ. ನಿಮ್ಮಾವಂಗೆ ಏಳು," ಎಂದರು. ಮಾವ ನನ್ನ ಪರ ಒಂದು ಮಾತಾಡಿಯಾರು ಎಂದು ಆಸೆಪಟ್ಟು ಹೋಗಿ ಹೇಳಿದೆ. ಮಾವ ಪೇಪರಿನಿಂದ ತಲೆ ಎತ್ತದೆ, "ಸರಿ ಅಂತ ಏಳು," ಎಂದರು. ಪಾಲಾದ ಮೇಲೆ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು.

ನನಗೆ ಎರಡು ಚಿಂತೆ. ಹಾಸನದವರು ಏಣಿಯ ಮೇಲೆ ಜನ ಹತ್ತಿಸಿ ಕೆಲಸ ಮಾಡುವವರು, ಅದು ಒಂದು. ಇನ್ನೊಂದು, ಆ ಕೆಲಸ ನನ್ನದು. ಆ ಸೂರಿನಲ್ಲಿ ಎಲ್ಲೆಲ್ಲಿ ಕೊಂಡಿ ಇದೆ ಎಂದು ಕಣ್ಣುಮುಚ್ಚಿದರೂ ನನಗೆ ಗೊತ್ತು. ಮೇಲೆ ನಿಂತು ಸೇವಂತಿಗೆ ಹಾರ ಬಿಡುವಾಗ ಕೆಳಗಿನಿಂದ ಯಾರೂ ನನಗೆ ಏನೂ ಹೇಳಿ ಕಳಿಸಲಾರರು. ಅದು ಹೋದರೆ ನನಗೆ ಉಳಿಯುವುದು ಅಡುಗೆಮನೆ, ಮತ್ತು ಆ ಗೇಟಿನಿಂದ ಈ ಗೇಟಿಗೆ ಮಾತು ಹೊರುವುದು.

ಎರಡು ದಿನ ಮೊದಲೇ ಬ್ಯಾಟರಿ ಕೊಡಿ, ನಾಲ್ಕನ್ನೂ ಒಟ್ಟಿಗೆ ಚಾರ್ಜು ಮಾಡುತ್ತೇನೆ ಎಂದು ಇಬ್ಬರನ್ನೂ ಬೇಡಿಕೊಂಡೆ. ಮಾವನವು ಬಂದವು, ಕುಂಕುಮದ ಸಮೇತ. ಚಿಕ್ಕಮಾವನವು ಬಂದದ್ದು ಚಪ್ಪರದ ದಿನ ಬೆಳಿಗ್ಗೆ. ಮನೆ ತುಂಬ ನೆಂಟರು, ರಾತ್ರಿ ಕರೆಂಟು ಹೋಗಿತ್ತಂತೆ, ಫ್ಯಾನು ಟೀವಿ ಎಲ್ಲ ಅವುಗಳ ಮೇಲೇ ಓಡಿದೆ.

"ಫುಲ್ಲವೆ ಕಣವ್ವ," ಎಂದರು ಚಿಕ್ಕಮಾವ.

ಸೇರಿಸಿ, ಸಿಕ್ಕಷ್ಟು ಹೊತ್ತು ಚಾರ್ಜು ಕೊಟ್ಟು ಕೆಲಸ ಶುರು ಮಾಡಿದೆ. ಹನ್ನೊಂದರ ಹೊತ್ತಿಗೆ ಸೂರಿನ ಹೂವೆಲ್ಲ ಮುಗಿಯಿತು. ನಿಜ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಚಲುವಯ್ಯ ಕೂತಲ್ಲೇ ತಲೆ ಎತ್ತಿ ನೋಡಿ, "ಅಕ್ಕ, ಸುರಿದಂಗದೆ," ಎಂದ. ಲಿಫ್ಟಿನ ಚಾರ್ಜು ತೋರಿಸುವ ದೀಪ ಕೆಂಪಗಾಗಿತ್ತು. ಇನ್ನು ಸಂಜೆಯವರೆಗೆ ಚಾರ್ಜಿಗೆ ಹಾಕಿದರೆ ನಾನು ಗೆದ್ದೆ ಎಂದುಕೊಂಡು ವೈರು ಎತ್ತಿಕೊಂಡೆ.

ಅಷ್ಟರಲ್ಲಿ ಇಬ್ಬರೂ ಜರಿಯಂಚಿನ ಪಂಚೆ, ಶಲ್ಯದಲ್ಲಿ ಬಂದು ನಿಂತರು. ಚಪ್ಪರದ ಶಾಸ್ತ್ರ. ಧಾರೆಯ ಜಾಗದ ನೆತ್ತಿಯ ಮೇಲೆ ಮಾವಿನ ತೋರಣ ಕಟ್ಟಬೇಕು. ಮನೆ ಪಾಲಾಗಿದ್ದರೂ ದಾಯಾದಿಗಳು ಎರಡು ತುದಿ ಹಿಡಿದೇ ಕಟ್ಟಬೇಕು, ಇಲ್ಲದಿದ್ದರೆ ಚಪ್ಪರ ಚಪ್ಪರವಲ್ಲ. ಅಜ್ಜಿ ಎದುರಿಗೆ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ರಾಮಣ್ಣ.

"ಮಾವ, ಚಾರ್ಜ್ ಮುಗಿದಿದೆ. ಸಂಜೆ ಕಟ್ಟಿ," ಎಂದೆ.

"ಬುದ್ವಾರ ಕಣವ್ವ, ಅನ್ನೆರಡಕ್ಕೆ ರಾಹುಕಾಲ. ಆಮೇಲೆ ಒಳ್ಳೆ ಗಳಿಗೆ ಇಲ್ಲ," ಎಂದರು ಮಾವ. "ನನ್ನೆರಡು ರಾತ್ರಿಯೆಲ್ಲ ಚಾರ್ಜಾಗವೆ. ಅವನವೇನಾರ ಕೈ ಕೊಟ್ರೆ ನಾನ್ ಜವಾಬ್ದಾರನಲ್ಲ."

"ನನ್ನವು ಫುಲ್ಲವೆ ಅಂತ ಏಳು," ಎಂದರು ಚಿಕ್ಕಮಾವ, ಅಣ್ಣ ಅವರ ಪಕ್ಕದಲ್ಲೇ ನಿಂತಿದ್ದರೂ.

ಆಗಲ್ಲ ಎಂದರೆ ಬಂಡಿ ಕೈ ಕೊಟ್ಟಿತು ಅನ್ನುತ್ತಾರೆ. ಎತ್ತಿದರೆ ಅದು ಕೈ ಕೊಟ್ಟೇ ಕೊಡುತ್ತದೆ. ಇಬ್ಬರನ್ನೂ ಹತ್ತಿಸಿ, ಬಾಗಿಲ ಚಿಲಕ ಹಾಕಿ, ಬುಡದಲ್ಲಿದ್ದ ಏರಿಸುವ ಗುಂಡಿ ಒತ್ತಿದೆ. ಲಿಫ್ಟು ನರಳುತ್ತ ಏರಿತು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಒಬ್ಬರು ಆ ತುದಿ, ಒಬ್ಬರು ಈ ತುದಿ ಕಟ್ಟಿದರು. ಕೆಳಗೆ ವಾಲಗ ಊದಿದರು. ಇಳಿಸುವ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇಳಿಯುವುದಕ್ಕೂ ಒಂಚೂರು ಕರೆಂಟು ಬೇಕು, ಅಷ್ಟೂ ಉಳಿದಿರಲಿಲ್ಲ. ದೀಪ ಆರಿಹೋಯಿತು.

ಆ ಹೊತ್ತಿಗೆ ಸರಿಯಾಗಿ ಗಂಡಿನ ಕಡೆಯವರ ಮೊದಲ ಬಸ್ಸು ಬಂತು. ಬಂದವರು ಒಳಗೆ ಕಾಲಿಟ್ಟು, ಹೆಣ್ಣಿನ ತಂದೆಯನ್ನು ಹುಡುಕಿ, ಆಮೇಲೆ ತಲೆ ಎತ್ತಿದರು. ಚಿಕ್ಕಮಾವ ಮೇಲಿನಿಂದಲೇ ಕೈ ಮುಗಿದು, "ಬನ್ನಿ, ಬನ್ನಿ, ಕಾಪಿ ತಕಳಿ," ಎಂದರು.

ನಾನು ಹಿಂಬದಿಗೆ ಓಡಿ ಬಗ್ಗಿ ಹಿಡಿಗೆ ಕೈ ಹಾಕಿದೆ. ಎಳೆಯಬೇಕು ಅನ್ನುವಷ್ಟರಲ್ಲಿ ಮೇಲೆ ಮಾತು ಕೇಳಿಸಿತು. ಆ ಸೂರಿನ ಎತ್ತರಕ್ಕೆ ಮೇಲೆ ಪಿಸುಗುಟ್ಟಿದರೂ ಕೆಳಗೆ ಕೇಳುತ್ತದೆ.

"ಟೀವಿ ನೋಡಕ್ಕೆ ನನ್ ಮರ್ಯಾದೆನೇ ಬೇಕಿತ್ತೇನ್ಲಾ ಸಿದ್ದ?"

"ಬೋರ್ ನೀರ್ ಉಯ್ದು ಸಾಯ್ಸುದ್ದು ಯಾರಣ್ಣ?"

ಲಿಫ್ಟು ಒಮ್ಮೆ ತೂಗಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಆಮೇಲೆ ಮಾವನ ದನಿ ಬದಲಾಯಿತು.

"ಈ ಬಂಡಿ ತಗಂಡಿದ್ದೇ ತಪ್ಪು ಕಣ್ಲಾ. ನನ್ ಸೊಸೆ ಮಾತು ಕಟ್ಕಂಡು ತಂದೆ."

"ಊಂ ಕಣಣ್ಣ. ಗುಜರಿಗಾಕ್ಬುಟ್ಟು ಹಾಸನದೋರ್ಗೆ ವಯ್ಸಾನ. ಎಣ್ಮಗ್ಳಿಗೆ ಯಾಕ್ ಬೇಕು ಈ ಯಂತ್ರ ಗಿಂತ್ರ."

"ಅದೇ ಸರಿ. ಮದ್ವೆ ಮುಗುದ್ಮೇಲೆ ಮಾರ್ಬುಡಾನ."

ಕೆಳಗೆ ನೆಂಟರೆಲ್ಲ ಕಣ್ಣೊರೆಸಿಕೊಂಡರು. ಅಣ್ಣತಮ್ಮ ಮಾತಾಡಿದರಲ್ಲ! "ನಾನ್ ಅವತ್ತೇ ಏಳ್ಲಿಲ್ವಾ, ಬಂಡಿ ಇವ್ರನ್ನ ಒಂದ್ ಮಾಡ್ತದೆ ಅಂತ?" ಎಂದು ರಾಮಣ್ಣ ಎಲ್ಲರ ಮುಖ ನೋಡಿದರು. ನನ್ನ ಕೈ ಹಿಡಿಯಿಂದ ತಾನಾಗಿ ಜಾರಿತು. ಎದ್ದು ನಿಂತು ಸೆರಗು ಕೊಡವಿಕೊಂಡೆ.

"ರೂಪಾ, ಇಳ್ಸವ್ವ," ಎಂದರು ಮಾವ.

"ಇದು ಗುಜರಿ ಅಲ್ವಾ ಮಾವ? ನನಗೆ ಯಂತ್ರ ಗಿಂತ್ರ ಗೊತ್ತಾಗಲ್ಲ. ಹಾಸನದವರು ಬರಲಿ," ಎಂದೆ. ಸಿಟ್ಟು ಅಷ್ಟೇ ಅಲ್ಲ, ಅಳುವೂ ಬರುತ್ತಿತ್ತು.

ಅಜ್ಜಿ ಕುರ್ಚಿಯಿಂದ ಎದ್ದು ಕೋಲೂರಿಕೊಂಡು ನನ್ನ ಹತ್ತಿರ ಬಂದರು.

"ಇಳಿಸಕ್ ಬತ್ತದಾ ನಿಂಗೆ?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದು ತಲೆ ಆಡಿಸಿದೆ. ಅಜ್ಜಿ ರಾಮಣ್ಣನ ಕಡೆ ತಿರುಗಿದರು. "ರಾಮಣ್ಣ, ಪಾಲಿನ ದಿವ್ಸ ಈ ಏಣಿಬಂಡಿ ಯಾರ್ದು ಅಂದೆ?"

"ನಿಂದೇ ಕಣಕ್ಕ."

"ನಂದಾದ್ರೆ ನಾನ್ ಯಾರ್ಗಾದ್ರೂ ಕೊಡ್ಬೌದಲ್ಲ." ಬ್ಯಾಟರಿಗೆಂದು ನಾನು ತಂದಿಟ್ಟಿದ್ದ ಡಿಸ್ಟಿಲ್ಡ್ ವಾಟರಿನ ಕ್ಯಾನು ಅಲ್ಲೇ ಇತ್ತು. ಅಜ್ಜಿ ಅದರ ಮುಚ್ಚಳ ತೆಗೆದು, ನನ್ನ ಕೈ ಹಿಡಿದು, ಅಂಗೈ ಮೇಲೆ ನೀರು ಬಿಟ್ಟರು. "ದಾರೆ ಎರ್ದಿವ್ನಿ. ಎಲ್ರೂ ನೋಡುದ್ರಲ್ಲ." ಆಮೇಲೆ ತಲೆ ಎತ್ತಿ, "ಬ್ಯಾಟ್ರಿನೂ ಕೊಡ್ತಿರೋ, ಅಲ್ಲೇ ಇರ್ತಿರೋ?" ಎಂದರು.

"ಅವ್ವಾ, ಬೀಗ್ರು ನೋಡ್ತಾವ್ರೆ," ಎಂದರು ಚಿಕ್ಕಮಾವ.

"ನೋಡ್ಲಿ ಅಂತ್ಲೇ."

"ನನ್ನೆರಡು ಕೊಟ್ಟೆ," ಎಂದರು ಮಾವ.

"ನನ್ನೆರಡೂನೂವೆ," ಎಂದರು ಚಿಕ್ಕಮಾವ.

ಹಿಡಿ ಎಳೆದೆ. ಲಿಫ್ಟು ಸದ್ದಿಲ್ಲದೆ, ಮೆಲ್ಲಮೆಲ್ಲಗೆ ಇಳಿಯಿತು. ಹನ್ನೆರಡಾಗಿ ರಾಹುಕಾಲ ಶುರುವಾಗಿತ್ತು, ಅದನ್ನು ಯಾರೂ ನೆನಪಿಸಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಧನ್ಯಾ ಹೋಗುವಾಗ ನನ್ನ ತಬ್ಬಿಕೊಂಡು ಅತ್ತಳು. ಮಾರನೆಯ ವಾರ ಮಂಜುನಾಥ ಬಂದು ಒಂದೊಂದೇ ಬ್ಯಾಟರಿಗೆ ಮೀಟರು ಹಿಡಿದು ತಲೆ ಅಲ್ಲಾಡಿಸಿದ. ನಾಲ್ಕೂ ಸತ್ತಿದ್ದವು. ಮಾವನವು ಒಳಗೆ ಬೆಂದು, ಚಿಕ್ಕಮಾವನವು ಉಪ್ಪು ಕಟ್ಟಿ. ಪಾಲಿಗೆ ಬಂದದ್ದು ಪಂಚಾಮೃತ ಅನ್ನುತ್ತಾರೆ. ನನ್ನ ಪಾಲಿನದನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ.

ವಿಷಯ ತಿಳಿದು ಮಾವ ಬಂದು, "ಎರಡು ನಾನ್ ಕೊಡುಸ್ತೀನಿ ಮಗಾ, ಒಳ್ಳೆ ಕಂಪ್ನಿದು," ಎಂದರು. ಚಿಕ್ಕಮಾವ ಗೇಟಿನ ಹತ್ತಿರ ನಿಂತು, "ಎರಡು ನನ್ ಕಡೆಯಿಂದ," ಎಂದರು. ಅವರದು ಬೇರೆ ಕಂಪನಿ. ಇಬ್ಬರಿಗೂ ಕೈಮುಗಿದು ಬೇಡ ಎಂದೆ. ಹಾಸನಕ್ಕೆ ನಾನೇ ಹೋಗಿ ಒಂದೇ ಕಂಪನಿಯ, ಒಂದೇ ತಿಂಗಳಲ್ಲಿ ತಯಾರಾದ, ಒಂದೇ ತೂಕದ ನಾಲ್ಕು ತಂದೆ. ಮಂಟಪದ ಹಿಂದಿನ ಗಾಳಿಯಾಡುವ ಕೋಣೆಯನ್ನು ಅವಕ್ಕೆ ಕೊಟ್ಟೆ. ಕೆಲಸ ಮುಗಿದ ದಿನವೇ ಚಾರ್ಜು. ತುಂಬಿದ ಮೇಲೆ ಅಳತೆಯ ನೀರು. ಆಷಾಢದಲ್ಲೂ ಉಪವಾಸ ಇಲ್ಲ. ಕುಂಕುಮ ಬೇಕಾದರೆ ಲಿಫ್ಟಿನ ಗಾಲಿಗೆ. ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ. ಅಂದಿನಿಂದ ಲಿಫ್ಟು ತಾನಾಗಿ ಒಮ್ಮೆಯೂ ನಿಂತಿಲ್ಲ. ಅಲಂಕಾರ ನನ್ನ ಕೈಯಲ್ಲೇ ಇದೆ. ಚನ್ನರಾಯಪಟ್ಟಣದ ಮಂಟಪದವರೂ ಈಗ ನನ್ನನ್ನೇ ಕರೆಯುತ್ತಾರೆ.

ಅಣ್ಣತಮ್ಮ ಮಾತ್ರ ಬೀಗರ ಔತಣದ ದಿನ ಕೊಪ್ಪರಿಗೆಯ ಮಾತು ಬಂದು ಮತ್ತೆ ಮಾತು ಬಿಟ್ಟರು. ಈಗ ಎರಡು ಮನೆಯಿಂದಲೂ ಮಂಟಪಕ್ಕೆ ಬ್ಯಾಟರಿ ಬರುವುದಿಲ್ಲ. ಗೇಟಿನಿಂದ ಗೇಟಿಗೆ ಮಾತು ಕಳಿಸಲೂ ಕಾರಣವಿಲ್ಲ. ರಾಮಣ್ಣನವರ ನ್ಯಾಯವನ್ನು ನಾನು ಎಷ್ಟು ಬೈದಿದ್ದೆನೋ, ಅದೇ ಆ ಎರಡು ಮನೆಗಳ ನಡುವೆ ಉಳಿದಿದ್ದ ಒಂದೇ ತಂತಿಯಾಗಿತ್ತು. ಅದನ್ನು ಬಿಚ್ಚಿದವಳು ನಾನು. ಬೇಕಾಗಿಯೇ ಬಿಚ್ಚಿದ್ದು, ಆದರೂ ಒಮ್ಮೊಮ್ಮೆ ಕಷ್ಟವಾಗುತ್ತದೆ.

ಆಯುಧಪೂಜೆ ಹತ್ತಿರ ಬಂತು. ಮಂಟಪ ಇನ್ನೂ ಒಂದೇ ಆದ್ದರಿಂದ ಅಲ್ಲಿಯ ತೋರಣವನ್ನು ಇಬ್ಬರೂ ಸೇರಿಯೇ ಕಟ್ಟಬೇಕು. ಹಿಂದಿನ ದಿನ ಸಂಜೆ ಅಜ್ಜಿ ಕೋಲೂರಿಕೊಂಡು ಬ್ಯಾಟರಿ ಕೋಣೆಗೆ ಬಂದರು. ಯಾವತ್ತೂ ಅಲ್ಲಿಗೆ ಬಂದವರಲ್ಲ. ಚಾರ್ಜರಿನ ಹಸಿರು ದೀಪವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು.

"ಅವತ್ತು ಮೇಲ್ಗಡೆ ಒಬ್ರುನ್ನೊಬ್ರು ಇಡ್ಕಂಡಿದ್ರು, ನೋಡ್ದಾ?" ಎಂದರು. "ಚಿಕ್ಕೋರಾಗಿದ್ದಾಗ ಕೆರೆ ದಾಟೋವಾಗ ಇಡ್ಕಳೋರು ಅಂಗೆ."

ನಾನು ನೀರಿನ ಕ್ಯಾನಿನ ಮುಚ್ಚಳ ಬಿಗಿ ಮಾಡಿದೆ. ಅಜ್ಜಿ ಇನ್ನೂ ಹತ್ತಿರ ಬಂದರು.

"ನಾಳೆ ಒಂದ್ಸಲ ಚಾರ್ಜ್ ಮಾಡೋದ್ನ ಮರ್ತ್ಬುಡವ್ವ."

ಲಿಫ್ಟನ್ನು ನನಗೆ ಧಾರೆ ಎರೆದವರು ಅವರು. ಎಂಬತ್ತು ದಾಟಿದವರು. ಅವರಿಗೆ ಇಲ್ಲ ಎನ್ನುವುದು ಹೇಗೆ? ಅಜ್ಜಿ ಹೋದ ಮೇಲೆ ಕೋಣೆಯಲ್ಲಿ ನಿಂತು ಯೋಚಿಸಿದೆ. ಚಾರ್ಜು ಮರೆಯಲಿಲ್ಲ, ಅದು ನನ್ನ ಕೈಲಾಗದ ಮಾತು.

ಮಾರನೆಯ ದಿನ ಇಬ್ಬರೂ ಬಂದು ಲಿಫ್ಟಿನ ಎರಡು ತುದಿಗೆ ನಿಂತರು. ಬ್ಯಾಟರಿ ತುಂಬಿತ್ತು, ಗಾಡಿ ನವಿರಾಗಿ ಸೂರಿಗೇರಿತು. ತೋರಣ ಕಟ್ಟಿದರು. ಅಜ್ಜಿ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಬಗ್ಗಿ, ಮಂಜುನಾಥ ತೋರಿಸಿದ್ದ, ಇದ್ದಲ್ಲೇ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ. ದೀಪ ಆರಿತು.

"ಏನಾಯ್ತು ಮಗಾ, ಬ್ಯಾಟ್ರಿ ಓಯ್ತಾ?" ಮೇಲಿನಿಂದ ಮಾವ ಕೇಳಿದರು.

ನನ್ನ ನಾಲ್ಕು ಬ್ಯಾಟರಿಗಳು, ಒಂದು ದಿನವೂ ಹಸಿದಿರದವು, ಒಂದು ಹನಿ ಹೆಚ್ಚು ಕುಡಿದಿರದವು, ನನ್ನ ಕಾಲ ಬಳಿ ತುಂಬಿ ಕೂತಿದ್ದವು. "ಹೂಂ ಮಾವ, ಹೋಯ್ತು," ಎಂದೆ.

ಆಮೇಲೆ ಚಿಕ್ಕಮಾವನ ದನಿ.

"ನೋಡ್ದಾ ಅಣ್ಣ? ಎಣ್ಮಗ್ಳು ಒಬ್ಳೇ ಓಗಿ ತಂದ ಬ್ಯಾಟ್ರಿ."

"ಊಂ ಕಣ್ಲಾ. ನಮ್ಮವೇ ಎಷ್ಟೋ ಮೇಲಾಗಿದ್ವು. ನಿನ್ನೆರಡು, ನನ್ನೆರಡು."

"ಎಂಗ್ ಎತ್ತೋವು ಅಲ್ವಾ?"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮೈ ಉರಿಯುತ್ತಿತ್ತು. ಹಿಡಿಯ ಹತ್ತಿರ ಕೂತುಕೊಂಡೆ. ಮೇಲೆ ಇಬ್ಬರೂ ಸೇರಿ ನನ್ನ ಬ್ಯಾಟರಿಗಳನ್ನು ಬೈಯುತ್ತಲೇ ಇದ್ದರು, ನಾನು ಹಿಡಿ ಎಳೆಯಲಿಲ್ಲ.